ಮಾಸ್ತರು ಬಂದ ಸಂಜೆ ಅವ್ವ ಕುಳಿತದ್ದು

ನಾನು ಚಿಕ್ಕವನಿದ್ದಾಗ ಚಿಂತೆ ಮಾಡಲು ಕಾರಣ ಬೇಕೆಂದೇನೂ ಇರಲಿಲ್ಲ. ಹೋಂವರ್ಕ್ ಮಾಡಿದ್ದರೆ, ಮಾಸ್ತರು ಅದನ್ನು ಕೇಳುವುದನ್ನೇ ಮರೆತರೆ ಏನು ಗತಿ ಎಂದು ಚಿಂತಿಸುತ್ತಿದ್ದೆ. ಐವತ್ತು ದಾಟಿ ಅಜ್ಜನಾದರೂ ಈ ವಿದ್ಯೆ ನನ್ನನ್ನು ಬಿಟ್ಟಿಲ್ಲ. ಆದರೆ ಮಕ್ಕಳೇ, ಆ ಶನಿವಾರದ ಚಿಂತೆಗೆ ನಿಜವಾದ ಕಾರಣವಿತ್ತು.

ಬೆಳಗಿನ ಸಾಲೆ ಬಿಡುವ ಹೊತ್ತಿಗೆ ಇಂಗ್ಲಿಷ್ ಮಾಸ್ತರು ಹೇಳಿದರು: "ಮನ್ಯಾಗ ಯಾರ್ಯಾರು ಎಲ್ಲೆಲ್ಲಿ ಕೂಡ್ತಾರ, ಇಂಗ್ಲಿಷಿನ್ಯಾಗ ಹೇಳ್ಬೇಕು. ಛಲೋ ಹೇಳಿದಾಂವ ಗ್ಯಾದರಿಂಗಿನ್ಯಾಗ ಸ್ಟೇಜ್ ಹತ್ತತಾನ. ಸುಳ್ಳು ಹೇಳಿದ್ರ ಗೊತ್ತಾಗ್ತದ, ನಾನs ಬಂದು ನೋಡಾಂವ." ಆಮೇಲೆ ನನ್ನತ್ತ ತಿರುಗಿ, "ಇವತ್ತ ಸಂಜಿಕ ನಿಮ್ಮ ಮನಿ" ಎಂದರು.

ಗ್ಯಾದರಿಂಗ್ ಎಂದರೆ ನಮ್ಮ ಸಾಲೆಯ ವರ್ಷದ ಜಾತ್ರೆ. ಮೈಕು, ಬಣ್ಣದ ದೀಪ, ಇಡೀ ಕಮರಿಪೇಟೆಯ ಜನ! ಆ ಸ್ಟೇಜಿನ ಮೇಲೆ ನಿಂತು ಇಂಗ್ಲಿಷ್ ಮಾತಾಡುವ ಆಸೆ ನನಗೆ ಎಷ್ಟಿತ್ತೆಂದರೆ, ಮನೆಗೆ ಬರುವ ದಾರಿಯಲ್ಲಿ ಒಂದು ಚಪ್ಪಲಿ ಕಾಲಿನಿಂದ ಕಳಚಿ ಉಳಿದದ್ದೂ ಗೊತ್ತಾಗಲಿಲ್ಲ.

ಇಂಗ್ಲಿಷ್ ಪುಸ್ತಕದ ವಾಕ್ಯಗಳು ನನಗೆ ಬಾಯಿಪಾಠವಿದ್ದವು. ಅಲ್ಲಿ ಅಪ್ಪ ಕುರ್ಚಿಯಲ್ಲಿ, ಅಮ್ಮ ಅವನ ಪಕ್ಕದ ಬೆಂಚಿನ ಮೇಲೆ, ಅಜ್ಜಿ ಮಂಚದ ಮೇಲೆ ಕೂಡುತ್ತಿದ್ದರು. ನಮ್ಮ ಮನೆಯಲ್ಲೋ, ಅಪ್ಪ ಪಡಸಾಲೆಯ ಗಾದಿಯ ಮೇಲೆ ಲೋಡಿಗೆ ಒರಗುತ್ತಿದ್ದ. ನಾವು ಆಯಿ ಎಂದು ಕರೆಯುತ್ತಿದ್ದ ಅಜ್ಜಿ ಕಂಬಳಿ ಹಾಸಿ, ಕಾಲು ಚಾಚಿ, ಜೋಳ ಹಸನು ಮಾಡುತ್ತಿದ್ದಳು. ಅಕ್ಕ ಅಟ್ಟದ ಮೆಟ್ಟಿಲ ಮೇಲೆ. ಅವ್ವ? ಎಷ್ಟು ಯೋಚಿಸಿದರೂ ಅವ್ವನ ಜಾಗ ನೆನಪಾಗಲಿಲ್ಲ. ಗಾದಿ, ಲೋಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಇಂಗ್ಲಿಷ್ ಬದಲಿಸುವುದು ನನ್ನಿಂದಾಗದು, ಮನೆಯನ್ನೇ ಬದಲಿಸೋಣ ಎಂದು ನಿರ್ಧರಿಸಿದೆ.

ಸೈಕಲ್ ರಿಪೇರಿ ಮಾಡುವ ಪಕ್ಕದ ಮನೆಯ ಚಾಚಾ ತನ್ನ ಅಂಗಡಿಯ ಕಬ್ಬಿಣದ ಕುರ್ಚಿ ಕೊಟ್ಟ. "ಒಯ್ಯಿ ಬೇಟಾ. ಆದ್ರ ಒಂದು ಕಾಲು ಲಟಪಟ ಐತಿ. ಉಸುರು ಮೆಲ್ಲಗ ಬಿಡ್ರಿ ಅಂತ ಅಪ್ಪಗ ಹೇಳು" ಎಂದ. ನೀರಿನ ಕೊಡಗಳನ್ನು ಇಳಿಸಿ, ಅವುಗಳ ಬೆಂಚನ್ನು ನಾನೂ ಅಕ್ಕನೂ ಪಡಸಾಲೆಗೆ ಎಳೆದು ತಂದೆವು. ಮಂಚದ ಬದಲಿಗೆ ಹಿತ್ತಲಿನ ಹಗ್ಗದ ಹೊರಸು ಆಯಿಗೆ. ಮಗ ಸ್ಟೇಜ್ ಹತ್ತುತ್ತಾನೆಂದು ಅಪ್ಪ ಒಪ್ಪಿದ. ಅವ್ವನನ್ನು ಅಕ್ಕ ಒಲೆಯ ಮುಂದಿನಿಂದ ಎಬ್ಬಿಸಿ ತಂದು ಒದ್ದೆ ಬೆಂಚಿನ ಮೇಲೆ ಕೂಡಿಸಿದಳು. ಆಯಿ ಮಾತ್ರ ಜಗ್ಗಲಿಲ್ಲ.

"ಹುಟ್ಟಿದಾಗಿಂದ ನೆಲದ ಮ್ಯಾಲೆ ಕುಂತಾಕಿ ನಾ. ನಿನ್ನ ಇಂಗ್ಲಿಷಿನ ಸಲುವಾಗಿ ಈಗ ಮ್ಯಾಲೆ ಏರ್ಲೇನು? ಹೋಗಲೇ!"

ಅಷ್ಟರಲ್ಲಿ ಮಾಸ್ತರು ಬಂದೇಬಿಟ್ಟರು. ಎಲ್ಲರೂ ಫೋಟೋ ತೆಗೆಸುವವರಂತೆ ಬಿಗಿಯಾಗಿ ಕೂತಿದ್ದರು. ಅಪ್ಪನಿಗೆ ಉಸಿರಾಡಲೂ ಭಯ. ನೀರು ಕೊಡಲು ಅವ್ವ ಎದ್ದಳು. "ಏಳಬ್ಯಾಡs!" ಎಂದು ಚೀರಿದೆ. ಆಗ ಹೊಳೆಯಿತು, ಕುರ್ಚಿ ಬೆಂಚುಗಳಲ್ಲಿ ಮನೆಯವರನ್ನೇ ತುಂಬಿಸಿ, ಹೊರಸನ್ನೂ ಆಯಿಗೆಂದೇ ಮೀಸಲಿಟ್ಟಿದ್ದೆ. ಬಂದವರಿಗೆ ಕುರ್ಚಿ ಬಿಡದ ಮನೆ ಹುಬ್ಬಳ್ಳಿಯಲ್ಲಿ ನಮ್ಮದೊಂದೇ ಇರಬೇಕು!

"ಬರ್ರಿ ಮಾಸ್ತರ, ಇಲ್ಲಿ ಕೂಡ್ರಿ" ಎಂದು ಆಯಿ ಕಂಬಳಿ ತಟ್ಟಿದಳು. ಮಾಸ್ತರು ಕೋಟಿನ ಗುಂಡಿ ಬಿಚ್ಚಿ, ಆಕೆಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. "ಹೂಂ, ಶುರು ಮಾಡು" ಎಂದರು.

ಅಪ್ಪನ ಕುರ್ಚಿ, ಅವ್ವನ ಬೆಂಚು ಸರಾಗವಾಗಿ ಬಂದವು. ಅಜ್ಜಿಯ ಮಂಚಕ್ಕೆ ಬಂದಾಗ ಖಾಲಿ ಹೊರಸು ಕಣ್ಣಿಗೆ ಬಿತ್ತು. ಮತ್ತೆ ಅಪ್ಪನ ಕುರ್ಚಿಯಿಂದಲೇ ಶುರು ಮಾಡಿದೆ. ಮಾಸ್ತರು ಮೆಲ್ಲಗೆ, "ಪುಸ್ತಕ ಬಿಡೋ. ಕಂಡದ್ದು ಹೇಳು" ಎಂದರು.

"ಮೈ ಗ್ರ್ಯಾಂಡ್‌ಮದರ್ ಈಸ್ ಸಿಟಿಂಗ್ ಆನ್ ದ ಕಂಬಳಿ. ಸರ್ ಈಸ್ ಸಿಟಿಂಗ್ ನಿಯರ್ ಹರ್!"

ಮಾಸ್ತರು ತೊಡೆ ತಟ್ಟಿ ನಕ್ಕರು. ನನಗೆ ಹಾರಾಡುವಷ್ಟು ಸಂತೋಷ. ನಾನೇ ಕಟ್ಟಿದ ಮೊದಲ ಇಂಗ್ಲಿಷ್ ವಾಕ್ಯಗಳವು! ಆಮೇಲೆ ಅವರು, "ಕಡೀದೊಂದು. ದಿನಾ ನಿಮ್ಮವ್ವ ಎಲ್ಲಿ ಕೂಡ್ತಾರ?" ಎಂದು ಕೇಳಿದರು.

ಸುಳ್ಳು ಹೇಳಿದರೆ ಸ್ಟೇಜ್ ಹೋಗುತ್ತದೆ, ಖರೆ ಹೇಳಿದರೆ ಅಪ್ಪ ಏನೆನ್ನುತ್ತಾನೋ! ಕಣ್ಣು ಮುಚ್ಚಿ ಹೇಳಿಬಿಟ್ಟೆ: "ಮೈ ಮದರ್... ನೋ ಸಿಟಿಂಗ್."

"ಏನಂದಾಂವ?" ಎಂದಳು ಆಯಿ. "ಅವ್ವ ಕೂಡಂಗs ಇಲ್ಲಂತ" ಎಂದಳು ಅಕ್ಕ.

ಅವ್ವ ನಕ್ಕು, "ಹುಚ್ಚಪ್ಯಾಲಿ! ತಡೀರಿ, ಚಾ ಮಾಡ್ತೇನಿ" ಎಂದು ಏಳಹೋದಳು. ಕುರ್ಚಿ ಕಿರ್ರೆಂದಿತು. ಎದ್ದವನು ಅಪ್ಪ.

"ನೀ ಕುಂದ್ರು. ಚಾ ನಾ ತರ್ತೇನಿ."

ಅಪ್ಪ ಒಲೆಯ ಹತ್ತಿರ ಹೋದದ್ದನ್ನು ನಾವು ಅಂದೇ ಮೊದಲು ನೋಡಿದ್ದು. ಚಹಾ ಕಷಾಯದಂತಿತ್ತು. ಮಾಸ್ತರು ಒಂದು ಗುಟುಕನ್ನೂ ಬಿಡದೆ ಕುಡಿದು, "ಸ್ಟೇಜ್ ಮ್ಯಾಲೆ ಎಲ್ಲಾ ಹೀಂಗs ಹೇಳಬೇಕು" ಎಂದು ನನ್ನ ಬೆನ್ನು ತಟ್ಟಿ ಹೋದರು. ಅವ್ವ ಬೆಂಚಿನ ಮೇಲೆ ಕೂತೇ, ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಆರಿಸಿ ಆರಿಸಿ, ಆ ಕಹಿ ಚಹಾವನ್ನು ತೀರಾ ನಿಧಾನವಾಗಿ ಕುಡಿದಳು.

ಈಗ ನಮ್ಮ ಕೇಶ್ವಾಪುರದ ಮನೆಯಲ್ಲಿ ಸೋಫಾ, ಡೈನಿಂಗ್ ಟೇಬಲ್ ಎಲ್ಲ ಇವೆ. ನೀವು ಮಾತ್ರ ಮೊಬೈಲ್ ಚಾರ್ಜಿಗೆ ಹಾಕಿ ಗೋಡೆಗೆ ಆತು ನೆಲದ ಮೇಲೇ ಕೂಡುತ್ತೀರಿ. ಆಫೀಸಿನಿಂದ ಬಂದ ನಿಮ್ಮ ಅಮ್ಮ ಸೋಫಾದ ಮೇಲೆ ಕಾಲು ಚಾಚಿ, "ರೀ, ಒಂದ್ ಕಪ್ ಚಾ ತರ್ರಿ" ಎಂದು ನಿಮ್ಮ ಅಪ್ಪನಿಗೆ ಕೂಗುತ್ತಾಳೆ. ನೀವು ತಲೆ ಎತ್ತಿಯೂ ನೋಡುವುದಿಲ್ಲ. ನಾನು ಮಾತ್ರ ಪೇಪರನ್ನು ಕೆಳಗಿಟ್ಟು, ಆ ಕಪ್ಪು ಆಕೆಯ ಕೈ ಸೇರುವವರೆಗೂ ಕಣ್ಣು ಕೀಳದೆ ನೋಡುತ್ತೇನೆ.