ಬೆನ್ನಿದ್ದ ಗೊಂಬೆ

ಹೈದರಾಬಾದಿನ ಗಲ್ಲಿಗಲ್ಲಿಗಳಲ್ಲಿ ಕಂಪ್ಯೂಟರ್ ಕಂಪನಿಗಳು ತಲೆಯೆತ್ತುತ್ತಿದ್ದ ದಿನಗಳವು. ಧಾರವಾಡದಲ್ಲಿ ಚಿತ್ರಕಲೆ ಕಲಿತಿದ್ದ ನಾನು ಪೆನ್ಸಿಲ್ ಬಿಟ್ಟು ಮೌಸ್ ಹಿಡಿದು, ನಾರಾಯಣಗೂಡದ ಒಂದು ಆನಿಮೇಷನ್ ಆಫೀಸಿನಲ್ಲಿ ಕೆಲಸಕ್ಕಿದ್ದೆ.

ಪಕ್ಕದ ಹೊಸ ಕಟ್ಟಡದ ಗೋಡೆಗಳಿಗೆ ಗಿಲಾವು ಮಾಡುತ್ತಿದ್ದ ಕೊಪ್ಪಳ ಕಡೆಯ ಹಿರಿಯರೊಬ್ಬರು ಚಹಾದಂಗಡಿಯಲ್ಲಿ ಪರಿಚಯವಾದರು. ಗಂಡ ಹೆಂಡತಿ ಇಬ್ಬರೂ ಮೊದಲು ಪರದೆಯ ಹಿಂದೆ ದೀಪವಿಟ್ಟು ಚಪ್ಪಟೆ ತೊಗಲುಗೊಂಬೆ ಆಡಿಸುತ್ತಿದ್ದರಂತೆ. ಮನೆಮನೆಗೆ ಟಿ.ವಿ. ಬಂದ ಮೇಲೆ ಆಟಕ್ಕೆ ಕರೆಯುವವರಿಲ್ಲದೆ ಈ ಊರಿಗೆ ಬಂದಿದ್ದರು. ಆಗ ಒಂದು ಚಿತ್ರಕ್ಕೆಂದು ಕಂಪ್ಯೂಟರಿನಲ್ಲಿ ನಾವು ಮಾಡಿದ್ದ ರಾಕ್ಷಸ ಗದೆ ಎತ್ತಿದರೆ ನೀರಿನ ಬಕೆಟ್ ಎತ್ತಿದ ಹಾಗೆ ಕಾಣುತ್ತಿತ್ತು. 'ಒಂದು ಸಲ ಬಂದು ನೋಡ್ರಿ' ಎಂದು ಕರೆದೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಬ್ಬರೂ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ನನ್ನ ತೆಲುಗು ಸಹೋದ್ಯೋಗಿ ಪರದೆಯ ಮೇಲೆ ರಾಕ್ಷಸನನ್ನು ನಿಧಾನಕ್ಕೆ ತಿರುಗಿಸಿದ. ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದರು.

"ಇದಕ್ಕ ಬೆನ್ನೂ ಐತಲ್ರೀ!"

"ಯಾಕ್ರಿ, ನಿಮ್ಮ ಗೊಂಬಿಗೆ ಇಲ್ಲೇನು?" ಎಂದೆ.

"ಎಲ್ಲೀದ್ರಿ? ಎಡಕ್ಕರ ನೋಡತೈತಿ, ಇಲ್ಲಾ ಬಲಕ್ಕರ. ಇಷ್ಟು ವರ್ಷ ಆಡಿಸೀನಿ, ರಾಕ್ಷಸನ ಬೆನ್ನ ಇವತ್ತ ನೋಡಾಕತ್ತೀನಿ."

ಮತ್ತೊಮ್ಮೆ ತಿರುಗಿಸಲು ಹೇಳಿದರು; ಮತ್ತೊಮ್ಮೆ. ಆಮೇಲೆ ಗದೆ ಎತ್ತುವುದನ್ನು ನೋಡಿ ತಲೆಯಲ್ಲಾಡಿಸಿದರು. "ಕೈ ಮೊದಲ ಅಲ್ರಿ. ಹೆಗಲು ಏಳಬೇಕು, ಕೈ ಅದರ ಹಿಂದ ಬರಬೇಕು. ಸಿಟ್ಟು ಹೆಗಲಾಗ ಇರತೈತಿ." ಹಾಗೆಂದು ತಮ್ಮ ಹೆಗಲನ್ನೇ ಎತ್ತಿ ತೋರಿಸಿದರು.

ನಾನು ಅದನ್ನು ತೆಲುಗಿನಲ್ಲಿ ಹೇಳಿದಾಗ ಸಹೋದ್ಯೋಗಿ ಕೈಯ ಚಲನೆಯನ್ನು ಚೂರೇ ಚೂರು ತಡಮಾಡಿಸಿದ. ಮತ್ತೆ ಓಡಿಸಿದ. ವಾರಗಟ್ಟಲೆ ಗೊಂಬೆಯಾಗಿಯೇ ಉಳಿದಿದ್ದವನು ನಮ್ಮೆದುರಿಗೆ ಉಸಿರು ಬಿಗಿಹಿಡಿದು, ಗದೆ ಎತ್ತಿ ಬರುತ್ತಿದ್ದ.

ಅಷ್ಟು ಹೊತ್ತೂ ಸೆರಗು ಹಿಡಿದು ಸುಮ್ಮನೆ ನಿಂತಿದ್ದ ಹಿರಿಯರ ಹೆಂಡತಿ ಆ ಗದೆ ಏಳುವ ಕ್ಷಣಕ್ಕೆ ಸರಿಯಾಗಿ ಆರ್ಭಟಿಸಿದರು. ಗೊಂಬೆಯಾಟದಲ್ಲಿ ರಾಕ್ಷಸರ ದನಿ ಅವರದೇ ಆಗಿತ್ತಂತೆ. ಆಫೀಸಿನಲ್ಲಿದ್ದವರೆಲ್ಲ ಕಿವಿಯ ಹೆಡ್‌ಫೋನ್ ತೆಗೆದು ಎದ್ದು ನಿಂತರು. ಆಕೆ ನಾಚಿ ಗಂಡನ ಹಿಂದೆ ಸರಿದರು.

ಮರುದಿನ ಆ ದನಿಯನ್ನು ರೆಕಾರ್ಡ್ ಮಾಡಿಕೊಂಡೆವು. ಚಿತ್ರ ತೆಲುಗಿನಲ್ಲಿ ಬಂತು, ಹಿಂದಿಯಲ್ಲಿ ಬಂತು, ಮಾತುಗಳೆಲ್ಲ ಬದಲಾದವು. ಆರ್ಭಟ ಮಾತ್ರ ಎರಡರಲ್ಲೂ ಕೊಪ್ಪಳದ ಆ ಹೆಣ್ಣುಮಗಳದೇ.