ಸ್ವಲ್ಪ ಸರಿ

ಆಸನವೇ ಮನುಷ್ಯನನ್ನು ರೂಪಿಸುತ್ತದೆ ಎಂಬುದು ಹಿರಿಯರು ಕಂಡುಕೊಂಡ ಸತ್ಯ. ಸಿಂಹಾಸನದಲ್ಲಿ ಕೂತವನಿಗೆ ಗಾಂಭೀರ್ಯ, ಪದ್ಮಾಸನದಲ್ಲಿ ಕೂತವನಿಗೆ ವೈರಾಗ್ಯ, ಅಧ್ಯಕ್ಷಾಸನದಲ್ಲಿ ಕೂತವನಿಗೆ ನಿದ್ದೆ ತಾನಾಗಿ ಒದಗಿಬರುತ್ತದೆ. ನನಗೆ ಒದಗಿಬಂದದ್ದು ಸೊಂಟನೋವು. ಅದಕ್ಕೆ ಕಾರಣ ಡೊಂಬಿವಲಿಯ ನಮ್ಮ ಮನೆಯ ಸೋಫಾ.

ಸೋಫಾ ಮೂವರದು. ಮನೆಯಲ್ಲಿರುವವರು ಇಬ್ಬರು, ಅವರಲ್ಲಿ ಒಬ್ಬಾಕೆ, ಅಂದರೆ ನನ್ನ ಹೆಂಡತಿ, ಚಾಪೆಯನ್ನು ಬಿಟ್ಟು ಬೇರೆ ಯಾವ ಆಸನವನ್ನೂ ನಂಬಿದವಳಲ್ಲ. ಹೀಗಾಗಿ ನಿವೃತ್ತನಾದ ದಿನದಿಂದ ಆ ಸೋಫಾಕ್ಕೆ ನಾನೇ ಏಕಚ್ಛತ್ರಾಧಿಪತಿ. ಆದರೂ ಅದರ ಎಡಭಾಗವೂ ನಡುಭಾಗವೂ ಅಂಗಡಿಯಿಂದ ತಂದ ದಿನ ಹೇಗಿದ್ದವೋ ಹಾಗೆಯೇ ಉಬ್ಬಿಕೊಂಡಿದ್ದು, ಬಲತುದಿಯ ಒಂದು ಗೇಣು ಜಾಗ ಮಾತ್ರ ಕುಸಿದು ಸಣ್ಣದೊಂದು ಕೆರೆಯಂತಾಗಿತ್ತು. ರಿಪೇರಿಯವನನ್ನು ಕರೆಸಿದೆ. ಅವನು ಅದನ್ನು ಒತ್ತಿ, ತಟ್ಟಿ, ಬಗ್ಗಿ ನೋಡಿ, “ಸಾಬ್, ಇಸ್ ಪೆ ಕೋಯೀ ಆಧಾ ಹೀ ಬೈಠತಾ ಹೈ” ಎಂದ. ಇದರ ಮೇಲೆ ಯಾರೋ ಅರ್ಧ ಮಾತ್ರ ಕೂರುತ್ತಾರಂತೆ. ಅಡುಗೆಮನೆಯಿಂದ ನನ್ನ ಹೆಂಡತಿ, ಆಹ್ವಾನವಿಲ್ಲದೆಯೇ, ಸಾಕ್ಷ್ಯ ನುಡಿದಳು: “ನಾನೂ ಅದನ್ನ ಹೇಳಾಕತ್ತೀನಿ. ಇಡೀ ಸೋಫಾ ಬಿಟ್ಟು ತುದೀಗೆ ಕುಂಡ್ರತಾರ. ಯಾರಿಗರೆ ಜಾಗಾ ಹಿಡದಾರೋ ಏನೋ!”

ಓದುಗ ಮಿತ್ರರೇ, ನಾನು ಮಹಾಪೆಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಮೇಜಿನ ಹಿಂದೆ ಕೂತು ಬಂದವನು. ಲೋಹದ ಬಿಡಿಭಾಗಗಳಲ್ಲಿ ದೋಷ ಹುಡುಕುವುದು, ಹುಡುಕಿದ್ದನ್ನು ಚೀಟಿಯಲ್ಲಿ ಬರೆಯುವುದು, ಬರೆದದ್ದಕ್ಕಾಗಿ ಬೈಸಿಕೊಳ್ಳುವುದು ಇವು ನನ್ನ ತ್ರಿಕಾಲ ಕರ್ಮಗಳಾಗಿದ್ದವು. ಅಂಥವನಿಗೆ ತನ್ನ ಕೆಳಗೇ ಇದ್ದ ದೋಷದ ಕಾರಣ ತಿಳಿಯಲಿಲ್ಲ. ತಿಳಿಸಿದವಳು ಇಂಗ್ಲಿಷಿನಲ್ಲಿ ನೂರಕ್ಕೆ ಮೂವತ್ತಾರು ಅಂಕ ತೆಗೆದುಕೊಂಡ ಒಬ್ಬ ಹುಡುಗಿ.

ಅವಳು ಅಕ್ಷತಾ, ನಮ್ಮ ಕೆಳಗಿನ ಮಹಡಿಯ ಜಲಜಕ್ಕನ ಮಗಳು. ಜಲಜಕ್ಕ ಉಡುಪಿ ಕಡೆಯವರು. ಯಜಮಾನರು ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರು. ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ, ತರಕಾರಿಯವಳೊಡನೆ ಮರಾಠಿ ಎಂದು ತಾಯಿ ಮೂರು ಭಾಷೆಗಳನ್ನು ಮೂರು ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡಿದ್ದರೆ, ಮಗಳು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದುಕೊಂಡಿದ್ದಾಳೆ. ಕನ್ನಡದಲ್ಲಿ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ ಬರುತ್ತದೆ. ನನ್ನನ್ನು ಕಾಕಾ ಎನ್ನುತ್ತಾಳೆ. ಮರಾಠಿಯಲ್ಲೂ ನಮ್ಮ ವಿಜಯಪುರದ ಕಡೆಯೂ ಕಾಕಾ ಎಂದರೆ ಕಾಕಾನೇ ಆದ್ದರಿಂದ, ಅವಳು ಯಾವ ಭಾಷೆಯಲ್ಲಿ ಕರೆಯುತ್ತಿದ್ದಾಳೆಂದು ವಿಚಾರಿಸುವ ಗೋಜಿಗೆ ನಾನು ಹೋಗಿಲ್ಲ.

ಹನ್ನೆರಡನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಮೂರು ವಾರ ಉಳಿದಿದ್ದಾಗ ತಾಯಿ ಮಗಳನ್ನು ಕರೆದುಕೊಂಡು ಮೇಲೆ ಬಂದರು. ಕೈಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ. ಅಕ್ಷತಾ ನರ್ಸಿಂಗ್ ಸೇರಬೇಕು. ಅವಳು ಕಣ್ಣಿಟ್ಟಿರುವ ಕಾಲೇಜಿನವರು ಇಂಗ್ಲಿಷಿನಲ್ಲಿ ನಲವತ್ತು ಕೇಳುತ್ತಾರೆ. ಇವಳಿಗೆ ಬಂದದ್ದು ಮೂವತ್ತಾರು.

“ನೀವು ಮೂವತ್ತು ವರ್ಷ ಇಂಗ್ಲಿಷಿನಲ್ಲೇ ಬರೆದವರಲ್ವಾ ಮಾಸ್ಟ್ರೇ. ನಾಲ್ಕು ಮಾರ್ಕಿಗೆ ಎಂತಾದ್ರೂ ಮಾಡಿ ಮಾರಾಯ್ರೆ,” ಎಂದರು ಜಲಜಕ್ಕ. ನಾನು ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆದರೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಮಾತನಾಡುವ ಗಂಡಸರೆಲ್ಲ ಅವರಿಗೆ ಮಾಸ್ಟ್ರೇ. ಇನ್ನು ನನ್ನ ಇಂಗ್ಲಿಷೋ, ‘ಒಳ ಅಂಚು ಒರಟು, ತಿರಸ್ಕೃತ’ ಎಂಬುದಕ್ಕಿಂತ ಉದ್ದದ ವಾಕ್ಯವನ್ನು ಕಂಡದ್ದೇ ಇಲ್ಲ. ಇದನ್ನು ನಾನು ಅವರಿಗೆ ಹೇಳಲಿಲ್ಲ. ಮರ್ಯಾದೆ ಎಂಬುದು ಹೀಗೆಯೇ ಮನುಷ್ಯನನ್ನು ಕಷ್ಟಕ್ಕೆ ಸಿಕ್ಕಿಸುತ್ತದೆ.

ಉತ್ತರಪತ್ರಿಕೆಯಲ್ಲಿ ಒಂದು ಪ್ರಶ್ನೆಗೆ ನಾಲ್ಕಕ್ಕೆ ಸೊನ್ನೆ ಬಿದ್ದಿತ್ತು. ಪದ್ಯವೊಂದನ್ನು ವಿಶ್ಲೇಷಿಸಿ ಬರೆಯಬೇಕು. ಮರಾಠಿ ಮಾಧ್ಯಮದವರು ಇದನ್ನೇ ರಸಗ್ರಹಣ ಎನ್ನುತ್ತಾರೆ. ಹೆಸರು ಬಲು ಸೊಗಸು. ಕಷ್ಟವೇನೆಂದರೆ ಮಕ್ಕಳು ಗ್ರಹಿಸುವ ರಸವನ್ನು ಗೈಡಿನವರು ಮೊದಲೇ ಹಿಂಡಿ ಇಟ್ಟಿರುತ್ತಾರೆ. ಕಬ್ಬು ಯಾವುದೆಂದು ಕೇಳುವ ಹಾಗಿಲ್ಲ, ಕುಡಿದು ಲೋಟ ಇಟ್ಟು ಹೋಗಬೇಕು. ಪದ್ಯ ಹದಿನಾಲ್ಕು ಸಾಲಿನದು. ಯಾವುದೋ ತಣ್ಣನೆಯ ದೇಶದ ಉದ್ಯಾನದಲ್ಲಿ ಒಂದು ಉದ್ದನೆಯ ಬೆಂಚು. ಸಂಜೆ ಸಂಜೆ ಒಬ್ಬ ಮುದುಕ ಬಂದು ಅದರ ತುದಿಯಲ್ಲಿ ಕೂರುತ್ತಾನೆ. ತೊಡೆಯ ಮೇಲೆ ಟೊಪ್ಪಿಗೆ. ಯಾರದೋ ಹೆಜ್ಜೆಯ ಸಪ್ಪಳ ಹತ್ತಿರ ಬರುತ್ತದೆ, ದೂರ ಹೋಗುತ್ತದೆ. ದೀಪಗಳು ಹೊತ್ತುತ್ತವೆ, ಮುದುಕ ಎದ್ದು ಹೋಗುತ್ತಾನೆ. ಅಷ್ಟೇ. ಗೈಡಿನ ಪ್ರಕಾರ ಖಾಲಿ ಬೆಂಚು ಒಂಟಿತನದ ಸಂಕೇತ. ಕವಿ ವೃದ್ಧಾಪ್ಯದ ಶೂನ್ಯತೆಯನ್ನು ಅತ್ಯಂತ ಸುಂದರವಾಗಿ ಚಿತ್ರಿಸಿದ್ದಾನೆ.

ಅಕ್ಷತಾ ಬರೆದಿದ್ದಳು: ಮುದುಕ ಒಂಟಿಯಲ್ಲ. ಅವನು ನಾಲ್ಕನೇ ಸೀಟು ಕೊಡುತ್ತಿದ್ದಾನೆ.

ಇದರ ಸುತ್ತ ಕೆಂಪು ಶಾಯಿಯ ಒಂದು ವೃತ್ತವಿತ್ತು, ಪಕ್ಕದಲ್ಲಿ ‘ಪದ್ಯದಲ್ಲಿ ಎಲ್ಲಿದೆ?’ ಎಂಬ ಪ್ರಶ್ನೆಯಿತ್ತು. ಟೀಚರು ಸ್ಕೂಟರಿನಲ್ಲಿ ಕಾಲೇಜಿಗೆ ಬರುವವರೆಂದು ಆಮೇಲೆ ತಿಳಿಯಿತು. ಲೋಕಲ್ ರೈಲು ಹತ್ತದ ಪುಣ್ಯವಂತರಿಗಾಗಿ ಹೇಳುವುದಾದರೆ, ನಮ್ಮ ರೈಲಿನ ಸೀಟು ಮೂವರಿಗೆಂದು ಮಾಡಿದ್ದು. ನಾಲ್ಕನೆಯವನು ಬಂದು “ಥೋಡಾ ಸರ್ಕೋ” ಎಂದರೆ ಮೂವರೂ ಒಂದೊಂದು ಬೆರಳಿನಷ್ಟು ಸರಿಯಬೇಕು; ಅವನು ಅರ್ಧ ಸೀಟಿನ ಮೇಲೆ, ಅರ್ಧ ದೇವರ ಮೇಲೆ ಭಾರ ಹಾಕಿ ಕೂರುತ್ತಾನೆ. ಎಲ್ಲೂ ಬರೆದಿಟ್ಟ ಕಾನೂನಲ್ಲ ಇದು. ಆದ್ದರಿಂದಲೇ ಎಲ್ಲರೂ ಪಾಲಿಸುತ್ತಾರೆ.

ನಾನು ಸೋಫಾದ ನನ್ನ ತುದಿಯಲ್ಲಿ, ಅವಳು ಪಕ್ಕದಲ್ಲಿ. ಉತ್ತರವನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಉಚ್ಚ ನ್ಯಾಯಾಲಯಕ್ಕೆ ಒಪ್ಪುವ ಧ್ವನಿಯಲ್ಲಿ ತೀರ್ಪು ಕೊಟ್ಟೆ: “ಸ್ವಲ್ಪ ಸರಿ.”

ಹುಡುಗಿ ಎಡಕ್ಕೆ ಒಂದು ಮೊಳ ಸರಿದು ಕೂತಳು.

“ಅಲ್ಲವ್ವಾ, ನೀ ಬರ್ದಿದ್ದು ಸ್ವಲ್ಪ ಸರಿ ಅಂದೆ.”

“ಓಹ್! ಮುಝೆ ಲಗಾ ಸರಕ್‌ನೇ ಕೋ ಬೋಲಾ,” ಎಂದು, ಸರಿದು ಕೂರಲು ಹೇಳಿದೆನೆಂದುಕೊಂಡಿದ್ದ ಅವಳು ನಕ್ಕಳು. ನಕ್ಕವಳು ತಟ್ಟನೆ ನಿಲ್ಲಿಸಿ, ತನ್ನಿಂದ ನನ್ನವರೆಗೆ ಖಾಲಿ ಬಿದ್ದ ಜಾಗ, ನನ್ನ ಕೆಳಗಿನ ಕುಳಿ, ನನ್ನ ತೊಡೆಯ ಮೇಲಿನ ಅವಳ ಪುಸ್ತಕದ ಚೀಲ, ಎಲ್ಲವನ್ನೂ ಒಂದೊಂದಾಗಿ ನೋಡಿದಳು. “ಕಾಕಾ,” ಎಂದಳು ಮೆಲ್ಲಗೆ, “ವೋ ಬುಡ್ಢಾ ತೋ ಆಪ್ ಹೀ ಹೋ!”

ಆ ಮುದುಕ ನಾನೇ ಅಂತೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಒಗ್ಗರಣೆಯ ಸದ್ದನ್ನೂ ಮೀರಿ ನಕ್ಕದ್ದು ಕೇಳಿಸಿತು.

ತಪ್ಪಿಗೆ ಎದುರಾದ ಸರಿ, ಪಕ್ಕಕ್ಕೆ ಜರುಗುವ ಸರಿ, ಇವೆರಡಕ್ಕೂ ಏನೂ ಸಂಬಂಧವಿಲ್ಲ ಎಂದು ವೈಯಾಕರಣರು ಹೇಳಿಯಾರು. ಅವರ ಮಾತು ಅವರಿಗೆ ಸರಿ. ನನಗೋ ಅವತ್ತಿನಿಂದ ಇವೆರಡನ್ನೂ ಬೇರೆ ಮಾಡಲಾಗುತ್ತಿಲ್ಲ. ಕಾರ್ಖಾನೆಗೆಂದು ನಾನು ಠಾಣೆಯಲ್ಲಿ ಹತ್ತುತ್ತಿದ್ದ ಕೋಪರಖೈರಣೆಯ ಕಡೆಯ ಬೆಳಗಿನ ರೈಲಿನಲ್ಲಿ ನನ್ನ ಪಕ್ಕದ ನಾಲ್ಕನೇ ಸೀಟಿಗೆ ವರ್ಷಗಟ್ಟಲೆ ಒಬ್ಬ ಬರುತ್ತಿದ್ದ. ಕಲಬುರಗಿ ಕಡೆಯವನು, ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವನು, ಹೆಗಲ ಮೇಲೆ ಮಡಚಿದ ಗೋಣಿಚೀಲ. “ಸರೀರಿ ಸಾವ್ಕಾರ್ರ” ಎನ್ನುವುದು ಅವನ ಸುಪ್ರಭಾತ. ಸಾವುಕಾರ ಎಂದು ನನ್ನನ್ನು ಈ ಲೋಕದಲ್ಲಿ ಕರೆದವನು ಅವನೊಬ್ಬನೇ. ಕೂತ ಮೇಲೆ ಹೆಚ್ಚು ಮಾತಿಲ್ಲ. ಹೆಸರು ಕೇಳಲಿಲ್ಲ, ದಿನಾ ಸಿಗುವವನ ಹೆಸರು ಯಾಕೆ ಬೇಕು? ಒಂದು ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಊರಿಗೆ ಹೋದನೋ, ಬೇರೆ ರೈಲು ಹಿಡಿದನೋ, ಯಾರನ್ನು ಕೇಳುವುದು, ಏನೆಂದು ಕೇಳುವುದು? ಆಮೇಲೆ ಆ ಜಾಗದಲ್ಲಿ ಬೇರೆಯವರು ಕೂತರು. ನಾನು ಮಾತ್ರ ಠಾಣೆಯಲ್ಲಿ ಕೂತೊಡನೆ, ಯಾರೂ ಕೇಳುವ ಮೊದಲೇ, ಸರಿದುಕೊಳ್ಳುವುದನ್ನು ಬಿಡಲಿಲ್ಲ. ನಿವೃತ್ತಿಯ ಪತ್ರದಲ್ಲಿ ಸಾಹೇಬರು ನನ್ನ ಸೇವೆ ಮುಗಿಯಿತೆಂದು ಬರೆದಿದ್ದರು; ನನ್ನ ಸೊಂಟಕ್ಕೆ ಆ ಪತ್ರದ ಪ್ರತಿ ತಲುಪಿರಲಿಲ್ಲ.

ಹಾಗಿರಲಿ. ಅಂಕ ನಾಲ್ಕು ಬೇಕಾಗಿದ್ದದ್ದು ನನಗಲ್ಲ, ಅಕ್ಷತಾಳಿಗೆ. ಅವಳ ಉತ್ತರದ ದೋಷ ನನಗೆ ಚೆನ್ನಾಗಿ ಪರಿಚಯದ್ದಾಗಿತ್ತು. ಹೊಸದಾಗಿ ಸೇರಿದ ತಪಾಸಣೆಗಾರರೆಲ್ಲ ಮಾಡುವ ತಪ್ಪು ಅದು: ತೀರ್ಪನ್ನು ಮೊದಲೇ ಬರೆದು, ಕಂಡದ್ದನ್ನು ಬರೆಯದೇ ಬಿಡುವುದು. “ಏನು ಕಂಡಿ, ಎಲ್ಲಿ ಕಂಡಿ, ಅದರಿಂದ ಏನು ತಿಳೀತು. ಈ ಮೂರು ಇಲ್ಲದ ಚೀಟಿ ನಾನs ಹರದು ಒಗೀತಿದ್ದೆ,” ಎಂದೆ. ಅವಳು ಪದ್ಯಕ್ಕೆ ಮರಳಿದಳು. ಪೆನ್ಸಿಲಿನ ತುದಿ ಹದಿನಾಲ್ಕು ಸಾಲುಗಳ ಮೇಲೆ ಮೇಲಕ್ಕೂ ಕೆಳಕ್ಕೂ ಓಡಾಡಿ, ಕೊನೆಗೆ ಒಂದು ಕಡೆ ನಿಂತಿತು.

“ಕಾಕಾ, ಪೂರಾ ಬೆಂಚ್ ಖಾಲಿ ಹೈ. ಫಿರ್ ಟೋಪಿ ಗೋದ್ ಮೇ ಕ್ಯೂಂ?”

ಬೆಂಚು ಇಡೀ ಖಾಲಿ ಇರುವಾಗ ಟೊಪ್ಪಿಗೆ ತೊಡೆಯ ಮೇಲೇಕೆ? ಮೂವತ್ತೊಂದು ವರ್ಷದಲ್ಲಿ ನನ್ನ ಕೈಕೆಳಗಿನ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಒಂಟಿಯಾದವನು ಟೊಪ್ಪಿಗೆಯನ್ನು ಪಕ್ಕಕ್ಕೆ ಇಡುತ್ತಾನೆ, ಕಾಲು ಚಾಚುತ್ತಾನೆ, ನಡುವೆ ಕೂರುತ್ತಾನೆ. ಚೀಲವನ್ನು ತೊಡೆಯ ಮೇಲೆ ಎತ್ತಿಕೊಳ್ಳುವವನು ಇನ್ನೊಬ್ಬರಿಗೆ ಜಾಗ ಮಾಡುವವನು. ಗೈಡಿನಲ್ಲಿ ಬೆಂಚಿಗೆ ಅರ್ಧ ಪುಟವಿತ್ತು, ಟೊಪ್ಪಿಗೆಯ ಸುದ್ದಿಯೇ ಇರಲಿಲ್ಲ.

ಆಮೇಲಿನ ಎರಡು ವಾರ ಸಂಜೆ ಸಂಜೆ ನಮ್ಮಲ್ಲಿ ಮುದುಕನ ತಪಾಸಣೆ ನಡೆಯಿತು. ‘ಸುಂದರವಾಗಿ’ ಎಂಬ ಶಬ್ದವನ್ನು ನಾನು ಮನೆಯಿಂದ ಗಡೀಪಾರು ಮಾಡಿದೆ; ಯಾವ ವಾಷರನ್ನೂ ನಾವು ಸುಂದರವೆಂಬ ಕಾರಣಕ್ಕೆ ಪಾಸು ಮಾಡಿರಲಿಲ್ಲ. ‘ನಾಲ್ಕನೇ ಸೀಟು’ ಎಂದು ಬರೆಯುವ ಮೊದಲು ಅದೇನೆಂದು ಒಂದು ವಾಕ್ಯದಲ್ಲಿ ಹೇಳಬೇಕೆಂದೂ ತೀರ್ಮಾನವಾಯಿತು. ಬೋರ್ಡಿನ ಉತ್ತರಪತ್ರಿಕೆ ಯಾವ ಊರಿಗೆ ಹೋಗುತ್ತದೋ, ರೈಲೇ ಇಲ್ಲದ ತಾಲೂಕಿಗೆ ಹೋದರೆ?

ಈ ‘ಹೋದರೆ’ ನನ್ನನ್ನು ಕೆಡಿಸಿತು. ಪರೀಕ್ಷೆಯ ಹಿಂದಿನ ದಿನ ನನ್ನ ಧೈರ್ಯ, ಅದು ಎಂದೂ ದೊಡ್ಡ ಪ್ರಮಾಣದಲ್ಲಿ ಇದ್ದದ್ದಲ್ಲ, ಪೂರ್ತಿ ಕರಗಿತು. ಅವಳನ್ನು ಕರೆದು, “ನೋಡವಾ, ಆ ಪದ್ಯ ಬಂತಂದ್ರ ಗೈಡಿನ್ಯಾಗ ಇದ್ದದ್ದs ಬರೀ. ನಾಕ್ ಮಾರ್ಕಿಗೆ ವರ್ಷ ಕಳಕೋಬ್ಯಾಡ. ಬೇಕಾರ ನಿಂದು ನಮ್ಮ ಮನಿಯಾಗ ಸರಿ ಅಂತ ಇರ್ಲಿ,” ಎಂದೆ. ಮಾತು ಮುಗಿಯುವ ಮೊದಲೇ ಅದರ ರುಚಿ ಬಾಯಲ್ಲಿ ಕೆಟ್ಟಿತ್ತು. ಅಕ್ಷತಾ ಪದ್ಯದ ಪುಟ ಮಡಚಿದಳು.

“ಠೀಕ್ ಹೈ ಕಾಕಾ. ಪರ್ ಟೋಪಿ ಕಾ ಕ್ಯಾ ಕರೂಂ?”

ಟೊಪ್ಪಿಗೆಯನ್ನು ಏನು ಮಾಡಲಿ ಎಂದವಳ ಕೈಗೆ ಗೈಡು ತುರುಕಿ ಕೆಳಗೆ ಕಳಿಸಿದೆ.

ಮರುದಿನ ಅದೇ ಪದ್ಯ ಬಂತು. ಪಠ್ಯದಲ್ಲಿ ಇದ್ದದ್ದೇ ಎಂಟು ಪದ್ಯಗಳಾದ್ದರಿಂದ ಇದನ್ನು ದೈವಲೀಲೆ ಎನ್ನಲಾಗದು. ಮಧ್ಯಾಹ್ನ ಮೂರರ ಹೊತ್ತಿಗೆ ಜಲಜಕ್ಕ ಮೆಟ್ಟಿಲು ಹತ್ತುವ ಸದ್ದಿನಲ್ಲೇ ವಿಷಯ ತಿಳಿಯಿತು.

“ಎಂಥ ಸಾವು ಮಾರಾಯ್ರೆ! ಇವಳು ಪುನಃ ಅದನ್ನೇ ಬರೆದು ಬಂದಿದ್ದಾಳೆ! ಟೊಪ್ಪಿ ಅಂತೆ, ರೈಲು ಅಂತೆ! ನರ್ಸಿಂಗಿಗೂ ಟೊಪ್ಪಿಗೂ ಎಂತ ಸಂಬಂಧ? ನೀವಾದ್ರೂ ಹೇಳ್ಬಾರ್ದಿತ್ತಾ ಮಾಸ್ಟ್ರೇ?”

ಹೇಳಿದ್ದೆ ಎಂದು ಹೇಳಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಹಾಗೆ ಹೇಳಿದರೆ ಆ ಹುಡುಗಿ ಬೆಂಚಿನ ಮೇಲೆ ನಿಜಕ್ಕೂ ಒಂಟಿಯಾಗುತ್ತಿದ್ದಳು. ಆದ್ದರಿಂದ ನಾನು ಸ್ವಲ್ಪ ಸರಿದೆ. “ನಾನs ಹೇಳಿದ್ದೆರೀ ಅಕ್ಕಾರ, ಬರೀ ಅಂತ,” ಎಂದೆ. ತಾಯಿಯ ಹಿಂದೆ ನಿಂತಿದ್ದ ಅಕ್ಷತಾ ಕಣ್ಣರಳಿಸಿ ನನ್ನನ್ನು ನೋಡಿದಳು. ಜಲಜಕ್ಕ ಫಲಿತಾಂಶ ಬರುವವರೆಗೆ ನನ್ನನ್ನು ಮಾಸ್ಟ್ರೇ ಎನ್ನುವುದನ್ನು ನಿಲ್ಲಿಸಿದರು. ಮೆಟ್ಟಿಲಲ್ಲಿ ಎದುರಾದರೆ ಮುಖ ಆಚೆ ತಿರುಗಿಸಿ, ಸೆರಗು ಸರಿಮಾಡಿಕೊಂಡು, ಇಳಿದು ಹೋಗುತ್ತಿದ್ದರು.

ಆ ದಿನಗಳಲ್ಲಿ ರಿಪೇರಿಯವನು ಹೊಸ ಫೋಮು ಹೊತ್ತುಕೊಂಡು ಬಂದಿದ್ದ. ಬೇಡವೆಂದು ಕಳಿಸಿದೆ. ಮೊದಲು ಸೋಫಾದ ಕುಳಿ ಒಂದು ದೋಷವಾಗಿತ್ತು; ಈಗ ಯಾಕೆ ಹಾಗಾಯಿತೆಂದು ತಿಳಿದಿದೆ. ನಮ್ಮ ಕಾರ್ಖಾನೆಯ ಭಾಷೆಯಲ್ಲಿ ಇಂಥದಕ್ಕೆ ‘ಬಳಕೆಯ ಗುರುತು, ಸ್ವೀಕೃತ’ ಎಂದು ಬರೆದು ಸಹಿ ಹಾಕುತ್ತಿದ್ದೆವು.

ಫಲಿತಾಂಶ ಬಂದದ್ದು ಮಧ್ಯಾಹ್ನ ಒಂದು ಗಂಟೆಗೆ. ತಾಯಿಯೂ ಮಗಳೂ ಫೋನು ಹಿಡಿದುಕೊಂಡೇ ಮೇಲೆ ಬಂದರು. ನಮ್ಮ ಮನೆಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆ ಎಂಬುದು ಕೊಟ್ಟ ಕಾರಣ. ಅಕ್ಷತಾ ನಡುವೆ ಕೂತಳು, ಒಂದು ಪಕ್ಕಕ್ಕೆ ಜಲಜಕ್ಕ, ಇನ್ನೊಂದು ಪಕ್ಕಕ್ಕೆ ನಾನು. ಪುಟ ತೆರೆಯದೆ ಸುತ್ತುತ್ತಲೇ ಇತ್ತು. ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ನನ್ನ ಹೆಂಡತಿ ಚಾಪೆಯ ಕಡೆ ನೋಡಿ, ನಮ್ಮ ಕಡೆ ನೋಡಿ, “ಸ್ವಲ್ಪ ಸರೀರಿ” ಎಂದಳು.

ಮೂವರೂ ಒಂದೊಂದು ಬೆರಳಿನಷ್ಟು ಸರಿದೆವು. ನನಗೆ ಉಳಿದದ್ದು ಅದೇ ಒಂದು ಗೇಣು ಕುಳಿ. ಅಳತೆ ಸರಿಯಾಗಿತ್ತು.

ಪುಟ ತೆರೆಯಿತು. ಬೋರ್ಡಿನವರು ಒಂದೊಂದು ಪ್ರಶ್ನೆಗೆ ಎಷ್ಟೆಂದು ತೋರಿಸುವುದಿಲ್ಲ, ಒಟ್ಟು ಮೊತ್ತ ಮಾತ್ರ ಕೊಡುತ್ತಾರೆ. ಇಂಗ್ಲಿಷಿಗೆ ನಲವತ್ತೆರಡು.