ಕಾಕಾನ ಬ್ಯಾಟರಿ ಗಾಡಿ

ಲೋಕಲ್ ಹತ್ತುವಾಗ ಬಿದ್ದು ಸೊಂಟ ಮುರಿದುಕೊಂಡ ಮೇಲೆ ನಮ್ಮ ಕಾಕೂಗೆ, ಅಂದರೆ ಚಿಕ್ಕಮ್ಮನಿಗೆ, ರೈಲು ದೂರವಾಯಿತು. ಬಸ್ಸಿನ ಮೆಟ್ಟಿಲೂ ಅವಳ ಪಾಲಿಗೆ ಗುಡ್ಡವೇ. ನಮ್ಮ ಮನೆ ಚೆಂಬೂರಿನಲ್ಲಿ, ಅವಳು ಕಲಿಸುತ್ತಿದ್ದ ಶಾಲೆ ಸಾಯನ್ನಿನಲ್ಲಿ. ದೀಪಾವಳಿ ರಜೆ ಮುಗಿದ ಸೋಮವಾರ ಹಾಜರಾಗದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆಂದು ಶಾಲೆಯವರು ಹೇಳಿಕಳಿಸಿದ್ದರು. ಅವರನ್ನು ದೂರುವಂತಿರಲಿಲ್ಲ, ಬಹಳ ದಿನ ಕಾದಿದ್ದರು.

ಕಾಕಾನದೊಂದು ಹಳೆಯ ಕಾರಿತ್ತು. ಅರಬರ ಯುದ್ಧದ ನಂತರ ಪೆಟ್ರೋಲು ನಮ್ಮಂಥವರ ಕೈಗೆ ಎಟುಕದಂತಾಗಿ, ಅದು ಬಿಲ್ಡಿಂಗಿನ ಹಿಂದೆ ಧೂಳು ತಿನ್ನುತ್ತಾ ನಿಂತಿತ್ತು. ಕಾಕಾ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್. ಅಲ್ಲಿ ಸಾಮಾನು ಸಾಗಿಸುವ ಬ್ಯಾಟರಿ ಟ್ರಾಲಿಯೊಂದು ಗುಜರಿಗೆ ಹೊರಟಾಗ, ಸಾಹೇಬರನ್ನು ಕೇಳಿ ಅದರ ಮೋಟಾರು, ಬ್ಯಾಟರಿಗಳನ್ನು ತಂದ. ನಾನಾಗ ಹೊಸದಾಗಿ ನೌಕರಿಗೆ ಸೇರಿ ಅವರ ಮನೆಯಲ್ಲೇ ಇದ್ದೆ. ಇಬ್ಬರೂ ಸೇರಿ ಇಂಜಿನ್ ಇಳಿಸಿದೆವು. ಗೇರ್ ಬಾಕ್ಸಿಗೆ ಮೋಟಾರು ಕೂಡಿಸುವುದರಲ್ಲೇ ರಜೆಯೆಲ್ಲ ಕಳೆಯಿತು. ಹಿಂದಿನ ಸೀಟು ಕಿತ್ತು ಬ್ಯಾಟರಿ ಜೋಡಿಸಿ, ಮೇಲೆ ಹಲಗೆ ಹಾಕಿದ. ಮುಂದಿನ ಸೀಟಿಗೆ ಹತ್ತಿಯ ದಿಂಬು ಹೊಲಿಸಿದ. ಅದು ಕಾಕೂನ ಜಾಗ.

"ಮುದುಕ ಬ್ಯಾಟರಿ ಇವು," ಎಂದು ನನಗೆ ತಿಳಿಸಿ ಹೇಳಿದ. "ಸಾಲಿಗೆ ಹೋಗಿ ಬರೂವಷ್ಟು ದಮ್ಮು ಅದ. ಪೂರಾ ಖಾಲಿ ಮಾಡಿದ್ರ ತಿರುಗಿ ಏಳಾಂಗಿಲ್ಲ."

ರವಿವಾರ ಮುಂಜಾನೆ ಕಾಕೂ ಆರತಿ ಬೆಳಗಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು. ಅಷ್ಟರಲ್ಲಿ ಕೆಳಮನೆಯ ವಿಜಾಪುರದ ಅಜ್ಜ ಧೋತರದ ಚುಂಗು ಹಿಡಿದು ಬಂದು, ಮುಂದಿನ ಸೀಟಿನಲ್ಲಿ ಕೂತೇಬಿಟ್ಟ.

"ಮೊದಲ ದೇವರ ದರ್ಶನ ಆಗಬೇಕಲ್ಲೋ ತಮ್ಮಾ. ಮಾಟುಂಗಾಕ್ಕ ನಡಿ."

ಅಜ್ಜಿಯೂ ಹಿಂದಿನ ಹಲಗೆ ಹತ್ತಿದಳು. ಪಂಗತಿಯಲ್ಲಿ ಕೂತವರನ್ನು ಎಬ್ಬಿಸಬಾರದು, ಬಂಡಿ ಹತ್ತಿದವರನ್ನು ಇಳಿಸಬಾರದು ಎಂದು ಕೇಳಿ ಬೆಳೆದವರು ನಾವು. ಕಾಕಾ ಕಾಕೂನ ಮುಖ ನೋಡಿದ.

"ಹಿರೇರು ಕೂತಾರ. ಹೋಗಿ ಬರ್ರಿ," ಎಂದಳು. "ನನಗ ಹೆಂಗೂ ನಾಳಿಂದ ದಿನಾ ಅದ ಅಲ್ಲ."

ನೂಕಲು ಆಳು ಬೇಕೆಂದು ನಗುತ್ತಾ ನನ್ನನ್ನೂ ಹಲಗೆಯ ಮೇಲೆ ಹತ್ತಿಸಿದರು. ಗೇಟು ದಾಟಿದ ಮೇಲೆ ಅಜ್ಜಿ ಕೇಳಿದಳು: "ಯಾವಾಗ ಚಾಲೂ ಮಾಡ್ತಿ?"

"ಓಡಾಕ ಹತ್ತೇದ, ಅಜ್ಜಿ."

"ಶಿವನ! ಸಪ್ಪಳs ಇಲ್ಲ, ಗೊತ್ತs ಆಗೂದಿಲ್ಲಲ್ಲೋ."

ದರ್ಶನವಾಯಿತು. ಶಾಲೆಯಿಂದ ತುಸು ಮುಂದಷ್ಟೇ ಬಂದಿದ್ದೆವು, ಅಲ್ಲಿಂದಲೇ ತಿರುಗಬೇಕಿತ್ತು. "ಇಲ್ಲೀತನಕ ಬಂದೀವಿ, ದಾದರದಾಗ ಬೀಗರ ಮನಿ. ಕಾರಿನ್ಯಾಗ ಬಂದದ್ದು ಅವರೂ ನೋಡ್ಲಿ," ಎಂದ ಅಜ್ಜ. ಕಾಕಾ ಬ್ಯಾಟರಿ ಮೀಟರಿನ ಮುಳ್ಳು ನೋಡಿದ, ಅಜ್ಜನನ್ನು ನೋಡಿದ. ಗಾಡಿಯನ್ನು ಇನ್ನೂ ಮುಂದೆ, ದಾದರದ ಕಡೆ ಬಿಟ್ಟ. ಬೀಗರ ಮನೆಯಲ್ಲಿ ಉಪ್ಪಿಟ್ಟು ತಿನ್ನುವಾಗಲೂ ಅವನ ಕಣ್ಣು ಕಿಟಕಿಯ ಹೊರಗೇ ಇತ್ತು.

ವಾಪಸು ಬರುವಾಗ ಸಾಯನ್ನಿನ ಏರಿನಲ್ಲಿ ಗಾಡಿ ನಿಧಾನವಾಯಿತು, ಆಮೇಲೆ ನಿಂತಿತು. ಅಜ್ಜ, ಅಜ್ಜಿಯನ್ನು ಟ್ಯಾಕ್ಸಿಗೆ ಹತ್ತಿಸಿ ನಾವಿಬ್ಬರೂ ನೂಕಿದೆವು. ಕಾಕೂನ ಶಾಲೆಗೆ ತಿರುಗುವ ರಸ್ತೆ ದಾಟುವಾಗ ಕಾಕಾ ಆ ಕಡೆ ನೋಡಲೇ ಇಲ್ಲ. ಮನೆಗೆ ಬಂದವನೇ ಅಡಿಗೆಮನೆಯ ಕಿಟಕಿಯಿಂದ ವಾಯರ್ ಎಳೆದು ಚಾರ್ಜಿಗೆ ಹಚ್ಚಿದ. ಬ್ಯಾಟರಿಗಳು ಬಿಸಿಯಾದವು, ಅಷ್ಟೇ.

ಸೋಮವಾರ ಕಾಕೂ ಗಂಜಿ ಹಾಕಿದ ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು ಕೆಳಗಿಳಿದಳು. ಬ್ಯಾಟರಿ ತಿರುಗಿ ಏಳಲಿಲ್ಲವೆಂದು ಕಾಕಾ ಹೇಳಿರಲಿಲ್ಲ; ಹೇಗೆ ಹೇಳಿಯಾನು? ನಾನು ಬಾಗಿಲು ಹಿಡಿದೆ. ಅವಳು ದಿಂಬಿನ ಮೇಲೆ ಕೂತು ಸೆರಗು ಸರಿಪಡಿಸಿಕೊಂಡಳು. ಕಾಕಾ ಸ್ವಿಚ್ ಒತ್ತಿ ಸ್ಟೇರಿಂಗ್ ಹಿಡಿದು ಕೂತ.

"ಚಾಲೂ ಆತೇನ್ರೀ?"

ಅವನು ಮತ್ತೊಮ್ಮೆ ಸ್ವಿಚ್ ಒತ್ತಿದ.

"ಅಜ್ಜಿ ಅಂದ್ರು, ಗೊತ್ತs ಆಗೂದಿಲ್ಲಂತ," ಎಂದು ಡಬ್ಬಿಯನ್ನು ತೊಡೆಯ ಮೇಲಿಟ್ಟು ಎದುರು ನೋಡುತ್ತಾ ಕೂತಳು. ಎದುರಿಗೆ ನಳದ ಹತ್ತಿರ ಪಾಳಿಗಿಟ್ಟ ಕೊಡಗಳು. ಅವು ಹತ್ತಿರ ಬರಲಿಲ್ಲ. ಬಹಳ ಹೊತ್ತು ಅವನ್ನೇ ನೋಡಿದಳು.

ಕೊನೆಗೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಕೈ ಹಿಡೀರಿ, ಇಳೀತೀನಿ," ಎಂದಳು ಕಾಕಾನಿಗೆ.